ಜೇನಿನ ವಿಷದ ಮೆಸೇಜು ಮತ್ತು ಚಿಕ್ಕಮ್ಮನ ಡ್ರಿಪ್

ಕಳೆದ ತಿಂಗಳು ಚಿಕ್ಕಮ್ಮನ ಕೀಮೋ ದಿನ ಅವರ ಪಕ್ಕ ಕೂತಿದ್ದೆ. ಡ್ರಿಪ್ ಶುರು ಮಾಡುವ ಮೊದಲು ಅಲರ್ಜಿ ಆಗದ ಹಾಗೆ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಅದಕ್ಕೆ ಅವರ ಕಣ್ಣು ಎಳೆಯುತ್ತಿತ್ತು. ಆದರೂ ಫೋನ್ ನನ್ನ ಕಡೆ ತಿರುಗಿಸಿ, "ಇದನ್ನ ಸ್ವಲ್ಪ ಓದೋ" ಅಂದರು.

ಯಾರೋ ಕಳಿಸಿದ್ದ ಮೆಸೇಜು. ಜೇನುಹುಳುವಿನ ವಿಷ ಒಂದೇ ಗಂಟೆಯಲ್ಲಿ ಸ್ತನ ಕ್ಯಾನ್ಸರನ್ನು ಕೊಲ್ಲುತ್ತದೆ, ಔಷಧಿ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ, ಎಲ್ಲರಿಗೂ ಕಳಿಸಿ. ಚಿಕ್ಕಮ್ಮನದು ಟ್ರಿಪಲ್ ನೆಗೆಟಿವ್ ಅನ್ನುವ ಬಗೆಯ ಸ್ತನ ಕ್ಯಾನ್ಸರ್. ಮೆಸೇಜಿನಲ್ಲೂ ಅದೇ ಹೆಸರಿತ್ತು. "ಇದು ನ್ಯಾಚುರಲ್ ಅಲ್ವೇನೋ? ಮತ್ತೆ ನಾನ್ಯಾಕೆ ಈ ಕೆಮಿಕಲ್ ಹಾಕಿಸ್ಕೊಂಡು ಒದ್ದಾಡ್ಬೇಕು?"

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಕೂದಲು ಉದುರಿ, ಬೆರಳ ತುದಿ ಜೋಮು ಹಿಡಿದು ಕೂತ ಮನುಷ್ಯರಿಗೆ ಇಂಥದ್ದನ್ನು ಸುಮ್ನೆ ಕಳಿಸಿಬಿಡುತ್ತಾರಲ್ಲ, ಅವರ ಮೇಲೆ. ಅವತ್ತಿನಿಂದ ಈ ವಿಷಯ ತಲೆಯಲ್ಲೇ ಕೊರೆಯುತ್ತಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಮೆಸೇಜು ಪೂರ್ತಿ ಸುಳ್ಳಲ್ಲ. ಕಷ್ಟ ಇರುವುದೇ ಅಲ್ಲಿ. 2020ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಹ್ಯಾರಿ ಪರ್ಕಿನ್ಸ್ ಸಂಸ್ಥೆಯ ಸಿಯಾರಾ ಡಫಿ ಮತ್ತು ತಂಡ ಒಂದು ಸಂಶೋಧನೆ ಪ್ರಕಟಿಸಿತು. ಪರ್ತ್, ಐರ್ಲೆಂಡ್, ಇಂಗ್ಲೆಂಡ್‌ಗಳಿಂದ 312 ಜೇನು ಮತ್ತು ಬಂಬಲ್ ಜೇನುಗಳ (ಜೇನಿನ ಜಾತಿಯದೇ ದಪ್ಪ, ರೋಮದ ಹುಳು) ವಿಷ ತೆಗೆದಿದ್ದರು. ಜೇನಿಗೆ ಕಾರ್ಬನ್ ಡೈಆಕ್ಸೈಡ್ ಕೊಟ್ಟು ಮಲಗಿಸಿ, ಐಸ್ ಮೇಲಿಟ್ಟು, ಒಂದೊಂದರ ಮುಳ್ಳನ್ನೂ ಕೈಯಿಂದ ಬಿಡಿಸಿ ತೆಗೆದ ವಿಷ ಅದು. ಎಂಥ ತಾಳ್ಮೆಯ ಕೆಲಸ ನೋಡಿ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಟ್ರಿಪಲ್ ನೆಗೆಟಿವ್ ಕ್ಯಾನ್ಸರ್ ಕೋಶಗಳ ಮೇಲೆ ಆ ವಿಷ ಹಾಕಿದರು. ಒಂದು ನಿರ್ದಿಷ್ಟ ಪ್ರಮಾಣದಲ್ಲಿ ಹಾಕಿದಾಗ ಕ್ಯಾನ್ಸರ್ ಕೋಶಗಳೆಲ್ಲ ಸತ್ತವು, ಆರೋಗ್ಯವಂತ ಕೋಶಗಳಿಗೆ ತೊಂದರೆ ಕಡಿಮೆ ಇತ್ತು. ಬಂಬಲ್ ಜೇನಿನ ವಿಷಕ್ಕೆ ಆ ಶಕ್ತಿ ಇರಲಿಲ್ಲ. ಯಾಕೆಂದರೆ ಕೆಲಸ ಮಾಡಿದ್ದು ಜೇನಿನ ವಿಷದಲ್ಲಿರುವ ಮೆಲಿಟಿನ್. ಅದನ್ನೇ ಲ್ಯಾಬಿನಲ್ಲಿ ತಯಾರಿಸಿ ಹಾಕಿದಾಗಲೂ ಹೆಚ್ಚುಕಡಿಮೆ ಅದೇ ಫಲಿತಾಂಶ ಬಂತು.

ಒಳ್ಳೆಯ ಸಂಶೋಧನೆ. ನನಗೆ ಅದರ ಮೇಲೆ ಗೌರವ ಇದೆ. ಆದರೆ ತಟ್ಟೆಯಲ್ಲಿ ರಕ್ತ ಹರಿಯುವುದಿಲ್ಲ. ಮೆಲಿಟಿನ್ ಅಂದರೆ 26 ಅಮೈನೋ ಆಮ್ಲಗಳ ಒಂದು ಪುಟ್ಟ ಸರಪಳಿ, ಒಣಗಿದ ವಿಷದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅದೇ. ಅದು ಕೋಶದ ಹೊರಪೊರೆಗೆ ತೂತು ಕೊರೆಯುತ್ತದೆ. ಕೆಂಪು ರಕ್ತಕಣದ ಪೊರೆಗೂ ಕೊರೆಯುತ್ತದೆ. ಹಾಗೇ ರಕ್ತನಾಳಕ್ಕೆ ಬಿಟ್ಟರೆ ಗೆಡ್ಡೆ ತಲುಪುವ ಮೊದಲೇ ರಕ್ತಕಣಗಳನ್ನು ಒಡೆಯುತ್ತಾ ಹೋಗುತ್ತದೆ. ಹಾಗಾಗಿ ಇದನ್ನು ಬೇರೆ ಎಲ್ಲೂ ಸೋರದಂತೆ ಗೆಡ್ಡೆಯವರೆಗೆ ಸಾಗಿಸುವುದು ಹೇಗೆ ಅನ್ನುವುದೇ ಎಷ್ಟೋ ವಿಜ್ಞಾನಿಗಳ ತಲೆನೋವು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಒಂದು ತಂಡ 2009ರಲ್ಲೇ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳಿಗೆ ಅಂಟಿಸಿ ಇಲಿಗಳಿಗೆ ಕೊಟ್ಟು ನೋಡಿತ್ತು, ಗೆಡ್ಡೆಗಳ ಬೆಳವಣಿಗೆ ಕುಗ್ಗಿತ್ತು. ಪರ್ತ್‌ನವರೂ ಇಲಿಗಳ ಮೇಲೆ ಕೀಮೋ ಔಷಧಿಯ *ಜೊತೆಗೆ* ಕೊಟ್ಟು ನೋಡಿದರು. ಕೀಮೋ ಬಿಡಿಸಿ ಅಲ್ಲ. ಮೆಸೇಜು ಬರೆದವರು ಈ ಒಂದು ಮಾತನ್ನು ನುಂಗಿಬಿಟ್ಟಿದ್ದಾರೆ.

ಜೇನು ಕಚ್ಚಿಸಿಕೊಂಡು ರೋಗ ವಾಸಿ ಮಾಡಿಕೊಳ್ಳುವ ಆಸೆ ಹೊಸದೇನಲ್ಲ. ಫಿಲಿಪ್ ಟೆರ್ಚ್ ಅನ್ನುವ ವೈದ್ಯರು 1888ರಲ್ಲೇ ಜೇನಿನ ಕಡಿತ ಮತ್ತು ಸಂಧಿವಾತದ ಬಗ್ಗೆ ಬರೆದಿದ್ದರು. ಆಮೇಲೆ ಎಂಎಸ್ ಅನ್ನುವ ನರರೋಗಕ್ಕೂ ಇದು ಒಳ್ಳೆಯದು ಅಂತ ಬಾಯಿಂದ ಬಾಯಿಗೆ ಹರಡಿತು. ಕೊನೆಗೆ ನೆದರ್ಲೆಂಡ್ಸ್‌ನಲ್ಲಿ 26 ರೋಗಿಗಳ ಮೇಲೆ ಪರೀಕ್ಷೆ ಮಾಡಿದರು, ಫಲಿತಾಂಶ ಪ್ರಕಟವಾದದ್ದು 2005ರಲ್ಲಿ. ವಾರಕ್ಕೆ ಮೂರು ಸಲ, ಒಂದು ಸಲಕ್ಕೆ 20 ಜೇನುಗಳ ತನಕ, 24 ವಾರ. ಲೆಕ್ಕ ಹಾಕಿ, ಎಷ್ಟು ಸಾವಿರ ಕಡಿತ ಸಹಿಸಿಕೊಂಡರು ಅವರೆಲ್ಲ ಸೇರಿ! ಎಂಆರ್‌ಐನಲ್ಲಿ ಏನೂ ಸುಧಾರಣೆ ಇಲ್ಲ. ಸುಸ್ತು ಕಡಿಮೆ ಆಗಲಿಲ್ಲ. ರೋಗ ಮರುಕಳಿಸುವುದೂ ಕಡಿಮೆ ಆಗಲಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಫ್ರಾನ್ಸ್‌ನಲ್ಲಿ 40 ಜನರಿಗೆ 11 ತಿಂಗಳು ಸಣ್ಣ ಡೋಸ್ ಕೊಟ್ಟು ನೋಡಿದ್ದು 2016ರಲ್ಲಿ ಪ್ರಕಟವಾಯಿತು. ಅಲ್ಲೂ ವಿಷ ಪಡೆದವರಿಗೂ ವಿಷವೇ ಇಲ್ಲದ ಹುಸಿ ಇಂಜೆಕ್ಷನ್ ಪಡೆದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆ ರೋಗಿಗಳನ್ನು ನೆನೆದರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ. ಅವರು ಅಷ್ಟು ನೋವು ತಿಂದದ್ದರಿಂದ ಇವತ್ತು ನಾವು ಈ ಮಾತು ಹೇಳಬಹುದಾಗಿದೆ.

ಆದರೆ ಜೇನಿನ ವಿಷವನ್ನೇ ಔಷಧಿಯಾಗಿ ಕೊಡುವ, ನಿಜವಾಗಿ ಜೀವ ಉಳಿಸುವ ಒಂದು ಚಿಕಿತ್ಸೆ ಇದೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಜೇನು ಕಚ್ಚಿದರೆ ಜೀವಕ್ಕೇ ಕುತ್ತು ಬರುವಷ್ಟು ಅಲರ್ಜಿ ಇರುವವರಿಗೆ ಕೊಡುವ ಚಿಕಿತ್ಸೆ ಅದು. ಮೊದಲು ದಶಕಗಳ ಕಾಲ ವೈದ್ಯರು ಇಡೀ ಹುಳುವನ್ನೇ ಅರೆದು ಅದರ ಸಾರ ಚುಚ್ಚುತ್ತಿದ್ದರು. ಕಾಲು, ರೆಕ್ಕೆ, ಹೊಟ್ಟೆ ಎಲ್ಲಾ ಸೇರಿಸಿ. ಗುಣ ಆಯ್ತು ಅಂತ ಹೇಳುವವರೂ ಬೇಕಾದಷ್ಟಿದ್ದರು. 1978ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಅರೆದ ಹುಳುವಿನ ಸಾರ, ಒಂದಕ್ಕೆ ಬರೀ ವಿಷ, ಇನ್ನೊಂದಕ್ಕೆ ಹುಸಿ ಔಷಧಿ. ಕೆಲವು ವಾರ ಬಿಟ್ಟು, ವೈದ್ಯರ ಕಣ್ಣೆದುರೇ ಹುಳು ಕಚ್ಚಿಸಿದರು. ಹುಸಿ ಔಷಧಿಯ 12 ಜನರಲ್ಲಿ 7 ಮಂದಿಗೆ ಮೈಯೆಲ್ಲಾ ರಿಯಾಕ್ಷನ್ ಆಯಿತು. ಅರೆದ ಹುಳುವಿನ ಸಾರ ಪಡೆದ 11 ಜನರಲ್ಲೂ 7 ಮಂದಿಗೆ. ಬರೀ ವಿಷ ಪಡೆದ 18 ಜನರಲ್ಲಿ ಒಬ್ಬರಿಗೆ ಮಾತ್ರ.

ಇದನ್ನು ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಅಷ್ಟು ವರ್ಷ ಒಳ್ಳೆಯ ಮನಸ್ಸಿನ ವೈದ್ಯರು ಕೊಟ್ಟ ಔಷಧಿ ಖಾಲಿ ನೀರಿಗಿಂತ ಮೇಲಾಗಿರಲಿಲ್ಲ. ಸರಿಯಾದದ್ದು ಅದೇ ಹುಳುವಿನ ಒಳಗೇ ಇತ್ತು. ಪಕ್ಕಪಕ್ಕ ಇಟ್ಟು ಹೋಲಿಸಿ ನೋಡುವ ತನಕ ಗೊತ್ತಾಗಲಿಲ್ಲ, ಅಷ್ಟೇ. ಈಗಲೂ ಈ ಚಿಕಿತ್ಸೆ ಕೊಡುತ್ತಾರೆ. ಮೈಕ್ರೋಗ್ರಾಂ ಲೆಕ್ಕದಲ್ಲಿ ಶುರು ಮಾಡಿ, ಮೆಲ್ಲಗೆ ಏರಿಸಿ, ಮೂರರಿಂದ ಐದು ವರ್ಷ. ಪ್ರತಿ ಇಂಜೆಕ್ಷನ್ ಆದ ಮೇಲೆ ರೋಗಿಯನ್ನು ಕೂರಿಸಿಕೊಂಡು ಕಾಯುತ್ತಾರೆ, ಅಲರ್ಜಿ ಜೋರಾದರೆ ಕೊಡುವ ಅಡ್ರಿನಲಿನ್ ಕೈಗೆಟುಕುವ ಹಾಗೆ ಇಟ್ಟುಕೊಂಡಿರುತ್ತಾರೆ.

ಇದನ್ನೆಲ್ಲ ಬಿಟ್ಟು ನೇರವಾಗಿ ಜೇನು ಕಚ್ಚಿಸಿಕೊಳ್ಳುವುದು ಬೇರೆ ಮಾತು. ಸ್ಪೇನ್‌ನಲ್ಲಿ 55 ವರ್ಷದ ಒಬ್ಬ ಮಹಿಳೆ ಎರಡು ವರ್ಷ, ನಾಲ್ಕು ವಾರಕ್ಕೊಮ್ಮೆ ಜೇನು ಕಚ್ಚಿಸಿಕೊಳ್ಳುತ್ತಿದ್ದರು. ಏನೂ ಆಗಿರಲಿಲ್ಲ. ಒಂದು ದಿನ ಒಂದೇ ಕಡಿತಕ್ಕೆ ಕುಸಿದುಬಿದ್ದರು, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದನ್ನು ವೈದ್ಯರು 2018ರಲ್ಲಿ ವರದಿ ಮಾಡಿದರು. "ಮೊದಲ ಸಲ ಏನೂ ಆಗಲಿಲ್ಲ" ಅನ್ನುವುದು ಇಲ್ಲಿ ಧೈರ್ಯದ ಮಾತಲ್ಲ. ಪದೇ ಪದೇ ವಿಷ ಹೋಗುತ್ತಿದ್ದರೆ ಮೈ ಅದನ್ನು ಶತ್ರು ಅಂತ ಗುರುತು ಇಟ್ಟುಕೊಳ್ಳಬಹುದು.

ಈಗ ಚಿಕ್ಕಮ್ಮನ ಪ್ರಶ್ನೆಗೆ ಬರುತ್ತೇನೆ. ನ್ಯಾಚುರಲ್ ಬಿಟ್ಟು ಕೆಮಿಕಲ್ ಯಾಕೆ?

ಅವರ ತಲೆಯ ಮೇಲೆ ನೇತಾಡುತ್ತಿದ್ದ ಬಾಟಲಿಯಲ್ಲಿ ಇದ್ದದ್ದು ಪ್ಯಾಕ್ಲಿಟಾಕ್ಸೆಲ್. ಮರದ ತೊಗಟೆಯಲ್ಲಿ ಸಿಕ್ಕ ಔಷಧಿ ಅದು! 1962ರ ಆಗಸ್ಟ್‌ನಲ್ಲಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯವಿಜ್ಞಾನಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಅನ್ನುವ ಮರದ ತೊಗಟೆ ಸುಲಿದು ಕಳಿಸಿದರು. ಕ್ಯಾನ್ಸರಿಗೆ ಏನಾದರೂ ಸಿಗಬಹುದಾ ಅಂತ ಸರ್ಕಾರವೇ ಸಾವಿರಾರು ಗಿಡಗಳನ್ನು ಜಾಲಾಡಿಸುತ್ತಿದ್ದ ಕಾಲ. ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್‌ಸುಖ್ ವಾಣಿ ಆ ತೊಗಟೆಯಿಂದ ಔಷಧಿಯ ಅಂಶವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆ ಪ್ರಕಟಿಸಿದರು. ಅದು ಕೆಲಸ ಮಾಡುವ ರೀತಿಯನ್ನು 1979ರಲ್ಲಿ ತೋರಿಸಿದವರು ಸೂಸನ್ ಹಾರ್ವಿಟ್ಜ್. ಕೋಶ ಎರಡಾಗುವಾಗ ಒಳಗೆ ಸಣ್ಣ ನಳಿಗೆಗಳ ಅಟ್ಟಣಿಗೆ ಕಟ್ಟುತ್ತದೆ, ಕೆಲಸ ಮುಗಿದ ಮೇಲೆ ಬಿಚ್ಚುತ್ತದೆ. ಈ ಔಷಧಿ ಅದನ್ನು ಬಿಚ್ಚಲು ಬಿಡುವುದಿಲ್ಲ, ಕೋಶ ಅಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ಮಾರುಕಟ್ಟೆಗೆ ಒಪ್ಪಿಗೆ ಸಿಕ್ಕಿದ್ದು 1992ರ ಕೊನೆಗೆ. ತೊಗಟೆಯಿಂದ ಬಾಟಲಿಗೆ 30 ವರ್ಷ. ತೊಗಟೆ ಸುಲಿದರೆ ಮರ ಸಾಯುತ್ತದೆ, ಆ ಮರ ಬೆಳೆಯುವುದೋ ಬಹಳ ನಿಧಾನ. ಹಾಗಾಗಿ ಮುಂದೆ ಇನ್ನೊಂದು ಜಾತಿಯ ಯೂ ಮರದ ಎಲೆಗಳಿಂದ ಇದನ್ನು ತಯಾರಿಸುವ ದಾರಿ ಕಂಡುಕೊಂಡರು. ಹಾಗಂತ ಯೂ ಎಲೆಯ ಕಷಾಯ ಮಾಡಿ ಕುಡಿದರೆ ಪ್ರಾಣವೇ ಹೋಗುತ್ತದೆ, ಅಷ್ಟು ವಿಷ ಆ ಗಿಡ.

ಇದನ್ನೆಲ್ಲ ಅಲ್ಲೇ ಕೂತು ಚಿಕ್ಕಮ್ಮನಿಗೆ ಹೇಳಿದೆ. ಅರೆನಿದ್ದೆಯಲ್ಲೇ ಕೇಳಿಸಿಕೊಂಡರು. ಈ ಔಷಧಿ ನೀರಿನಲ್ಲಿ ಕರಗುವುದಿಲ್ಲ, ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರವದಲ್ಲಿ ಕರಗಿಸುತ್ತಾರೆ, ಆ ದ್ರವಕ್ಕೇ ಕೆಲವರಿಗೆ ಅಲರ್ಜಿ ಆಗೋದು, ನಿಮಗೆ ಮೊದಲು ಕೊಟ್ಟ ಇಂಜೆಕ್ಷನ್ ಅದಕ್ಕೇ ಅಂದೆ. ಆಗ ಕಣ್ಣು ಪೂರ್ತಿ ತೆರೆದರು.

"ಹರಳೆಣ್ಣೆನಾ?"

"ಹೌದು ಚಿಕ್ಕಮ್ಮ."

"ಮರದ ತೊಗಟೆ, ಹರಳೆಣ್ಣೆ. ಮತ್ತೆ ಯಾರೂ ಹೇಳಲೇ ಇಲ್ಲ ನಂಗೆ."

ಈ ಮಾತು ನನಗೆ ಚುಚ್ಚಿತು. ನಿಜ, ಯಾರು ಹೇಳುತ್ತಾರೆ? ವೈದ್ಯರಿಗೆ ಪುರುಸೊತ್ತಿಲ್ಲ. ನಮ್ಮಂಥವರು "ಅದೆಲ್ಲ ನಂಬಬೇಡಿ" ಅಂತ ಒಂದೇ ಮಾತಲ್ಲಿ ಬಾಯಿ ಮುಚ್ಚಿಸಿಬಿಡುತ್ತೇವೆ. ಮೆಸೇಜು ಕಳಿಸಿದವರಾದರೂ ಒಂದು ಕಥೆ ಹೇಳಿದ್ದರು. ನಿಮ್ಮ ಮನೆಯಲ್ಲೂ ಇಂಥ ಮೆಸೇಜು ಓದಿ ಆಸೆಯಿಂದ ಕೇಳುವವರು ಇದ್ದರೆ, ದಯವಿಟ್ಟು ಗದರಬೇಡಿ, ಅರ್ಧ ಗಂಟೆ ಕೂತು ಪೂರ್ತಿ ಕಥೆ ಹೇಳಿ.

ಸ್ವಲ್ಪ ಹೊತ್ತು ಬಿಟ್ಟು ಚಿಕ್ಕಮ್ಮ ಡ್ರಿಪ್ ಇಲ್ಲದ ಕೈಯಿಂದ ಬ್ಯಾಗ್ ಎಳೆದುಕೊಂಡರು. ಒಳಗಿನ ಜಿಪ್ ತೆಗೆದು ಒಂದು ಪುಟ್ಟ ಡಬ್ಬಿ ನನ್ನ ಕೈಗಿಟ್ಟರು. ಯಾವುದೋ ಗಿಡಮೂಲಿಕೆಯ ಕ್ಯಾಪ್ಸೂಲ್. ಎರಡು ತಿಂಗಳಿಂದ ತಗೊಳ್ಳುತ್ತಿದ್ದರಂತೆ, ಯಾರಿಗೂ ಹೇಳಿರಲಿಲ್ಲ. "ಇದು ಪರವಾಗಿಲ್ವಾ, ಕೇಳೋ" ಅಂದರು. ಕೆಲವು ಮೂಲಿಕೆಗಳು ಲಿವರ್ ಕೆಲಸ ಮಾಡುವ ವೇಗವನ್ನೇ ಬದಲಿಸಿ, ಕೀಮೋ ಔಷಧಿ ರಕ್ತದಲ್ಲಿ ಎಷ್ಟು ಹೊತ್ತು ಉಳಿಯಬೇಕು ಅನ್ನುವ ಲೆಕ್ಕ ತಪ್ಪಿಸುತ್ತವೆ. ನನಗೆ ಎದೆ ಧಸಕ್ ಅಂದಿತು. ಆದರೆ ಅವರ ಎದುರು ಏನೂ ಹೇಳಲಿಲ್ಲ.

ಸಿಸ್ಟರ್ ಬಾಟಲಿ ನೋಡಲು ಬಂದಾಗ ಚಿಕ್ಕಮ್ಮನೇ ಡಬ್ಬಿ ತೋರಿಸಿದರು. ಸಂಜೆ ಡಾಕ್ಟರ್ ಬಂದು, ಲೇಬಲ್ ಮೇಲಿದ್ದದ್ದನ್ನೆಲ್ಲ ಒಂದೊಂದಾಗಿ ಓದಿ, "ಕೀಮೋ ಮುಗಿಯೋ ತನಕ ಇದು ಬೇಡಮ್ಮ" ಅಂದರು. ಬೈಯಲಿಲ್ಲ. ಫೈಲಿನಲ್ಲಿ ಬರೆದುಕೊಂಡರು. ಡಬ್ಬಿ ಈಗ ನನ್ನ ಹತ್ತಿರ ಇದೆ.