ಕನ್ನಡ ತರಗತಿಗೆ ವಿಡಿಯೋ ಗೇಮ್ ಬರಲಿ

ಸಾಹಿತ್ಯ ಪಾಠಕ್ಕೆ ವಿಡಿಯೋ ಗೇಮ್ ಬಳಸೋಣ ಅಂದರೆ ಸ್ಟಾಫ್‌ರೂಮಿನಲ್ಲಿ ಬರುವ ಮೊದಲ ಮಾತು, 'ಮಕ್ಕಳು ಓದೋದೇ ಕಡಿಮೆ ಆಗಿದೆ, ಇನ್ನು ಶಾಲೆಯಲ್ಲೂ ಗೇಮಾ?' ನಾನೂ ಕನ್ನಡ ಮೇಷ್ಟ್ರು. ಆ ಆತಂಕ ನನಗೂ ಇದೆ. ಓದಿಸುವುದಕ್ಕೇ ಗೇಮ್ ಬೇಕು ಅಂತ ನಾನು ಹೇಳುತ್ತಿರುವುದು.

ಎಲ್ಲ ಗೇಮೂ ಅಲ್ಲ. ನಾವೇ ಒಂದು ಪಾತ್ರವಾಗಿ, ಯಾರಿಗೆ ಏನು ಹೇಳಬೇಕು, ಯಾರನ್ನು ಉಳಿಸಬೇಕು ಅಂತ ತೀರ್ಮಾನ ಮಾಡುತ್ತಾ ಹೋಗುವ ರೋಲ್ ಪ್ಲೇಯಿಂಗ್ ಗೇಮ್‌ಗಳು.

2015ರಲ್ಲಿ ಟೋಬಿ ಫಾಕ್ಸ್ ಮಾಡಿದ ಅಂಡರ್‌ಟೇಲ್ ನೋಡಿ. ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ನೀವು ನೆಲದಡಿಯ ರಾಕ್ಷಸರ ಲೋಕಕ್ಕೆ ಬಿದ್ದ ಮಗು. ಟೊರಿಯೆಲ್ ಎಂಬಾಕೆ ತಾಯಿಯ ಹಾಗೆ ನೋಡಿಕೊಳ್ಳುತ್ತಾಳೆ. ಹೊರಡುತ್ತೇನೆ ಅಂದಾಗ ಬಾಗಿಲಿಗೆ ಅಡ್ಡ ನಿಂತು ಜಗಳಕ್ಕೆ ಬರುತ್ತಾಳೆ. ಆಕೆಯನ್ನು ಕೊಲ್ಲದೆಯೂ ಮುಂದೆ ಹೋಗಬಹುದು, ಆದರೆ ಅದು ಬೇಗ ಹೊಳೆಯುವುದಿಲ್ಲ. ಕೊಂದವರು ಸಂಕಟಪಟ್ಟು, ಹಳೇ ಸೇವ್‌ಗೆ, ಅಂದರೆ ಆಟವನ್ನು ಮೊದಲು ಉಳಿಸಿಟ್ಟಿದ್ದ ಹಂತಕ್ಕೆ ಹೋಗಿ, ಮತ್ತೆ ಆಡಿ ಆಕೆಯನ್ನು ಉಳಿಸುತ್ತಾರೆ. ಆಮೇಲೆ ಎದುರಾಗುವ ಫ್ಲವಿ ಎಂಬ ಹೂವಿಗೆ ಎಲ್ಲ ಗೊತ್ತು. ನೀನು ಆಕೆಯನ್ನು ಕೊಂದು, ವಾಪಸ್ ಹೋಗಿ ತಿದ್ದಿಕೊಂಡು ಬಂದಿದ್ದೀಯ ಅಂತ ನೇರವಾಗಿ ಹೇಳಿಬಿಡುತ್ತದೆ. ನಾವು ಅಳಿಸಿದ್ದನ್ನು ಕಥೆ ಮರೆತಿಲ್ಲ!

ಇದನ್ನು ಆಡಿದ ಮಕ್ಕಳಿಗೆ ಹತ್ತನೇ ಕ್ಲಾಸಿನ, ಕುಮಾರವ್ಯಾಸನ 'ಕೌರವೇಂದ್ರನ ಕೊಂದೆ ನೀನು' ಪದ್ಯ ಪಾಠ ಮಾಡಬೇಕು ಅಂತ ನನ್ನ ಆಸೆ. ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನು ರಾಜನಾದರೆ ಸಿಂಹಾಸನದ ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು ಅಂತ ಆಸೆ ತೋರಿಸುತ್ತಾನೆ. ನಾವು ಏನು ಮಾಡಿಸುತ್ತೇವೆ? 'ಕರ್ಣನ ಸ್ವಾಮಿನಿಷ್ಠೆ' ಅಂತ ಉತ್ತರ ಬಾಯಿಪಾಠ ಮಾಡಿಸುತ್ತೇವೆ. ಮಗು ಒಮ್ಮೆಯೂ ಆ ರಥದಲ್ಲಿ ಕೂತಿರುವುದಿಲ್ಲ.

ಪದ್ಯವನ್ನು ಅಲ್ಲಿಗೆ ನಿಲ್ಲಿಸಿ, ಮುಂದಿನದನ್ನು ಮಕ್ಕಳ ಕೈಲೇ ಗೇಮಿನ ಹಾಗೆ ಬರೆಸಿ. ಇಂಥ ಕವಲು ದಾರಿಯ ಕಥೆ ಬರೆಯಲು ಟ್ವೈನ್ ಅಂತ ಉಚಿತ ಸಾಧನ ಇದೆ, ಬ್ರೌಸರಿನಲ್ಲೇ ನಡೆಯುತ್ತದೆ, ಕನ್ನಡದಲ್ಲೇ ಬರೆಯಬಹುದು. ಒಪ್ಪಿದರೆ ದುರ್ಯೋಧನನಿಗೆ ಏನು ಹೇಳುತ್ತೀಯ? ಒಪ್ಪದಿದ್ದರೆ ತಮ್ಮಂದಿರ ಮೇಲೆ ಬಾಣ ಹೇಗೆ ಬಿಡುತ್ತೀಯ? ಮಕ್ಕಳು ಹೂಂ ಅಥವಾ ಉಹೂಂ ಅಂತ ದಾರಿ ಮಾಡುತ್ತಾರೆ. ಆಮೇಲೆ ಕುಮಾರವ್ಯಾಸನನ್ನು ಓದಿಸಿ. ಅವನ ಕರ್ಣ ಮೊದಲು ಎರಡನ್ನೂ ಹೇಳುವುದಿಲ್ಲ. ಕೊರಳು ಬಿಗಿದು, ಕಣ್ಣೀರು ನುಗ್ಗಿ, ಅಯ್ಯೋ ಕುರುಪತಿಗೆ ಕೇಡಾಯಿತಲ್ಲ ಅಂತ ಮನಸ್ಸಿನಲ್ಲೇ ನೋಯುತ್ತಾನೆ. ತನ್ನ ಗತಿಗಿಂತ ಮೊದಲು ಗೆಳೆಯನ ಗತಿ ನೆನಪಾಗುತ್ತದೆ. ಗುಟ್ಟು ಕಿವಿಗೆ ಬಿದ್ದಾಗಿದೆ, ಗೊತ್ತಿಲ್ಲದ ಸ್ಥಿತಿಗೆ ವಾಪಸ್ ಹೋಗಲು ಅವನಿಗೆ ಯಾವ ಸೇವ್ ಫೈಲೂ ಇಲ್ಲ. ತಾನೇ ದಾರಿ ಹುಡುಕಿ ಸೋತ ಮಗುವಿಗೆ ಈ ಸಾಲುಗಳು ತಟ್ಟುವಷ್ಟು ನಮ್ಮ ನೋಟ್ಸ್ ತಟ್ಟುವುದಿಲ್ಲ.

ಪದ್ಯಕ್ಕೆ ಪಾಯಿಂಟ್ಸು, ಬ್ಯಾಡ್ಜು ಅಂಟಿಸುವ ಆ್ಯಪ್‌ಗಳು ಮಾತ್ರ ನನಗೆ ಬೇಡ. ಅದು ಪರೀಕ್ಷೆಯೇ, ಬಣ್ಣ ಬೇರೆ ಅಷ್ಟೆ. ಅದರ ಬದಲು ಪೋಲೆಂಡ್ ನೋಡಿ. ಅಲ್ಲಿನ ಸರ್ಕಾರ 2020ರಲ್ಲಿ ದಿಸ್ ವಾರ್ ಆಫ್ ಮೈನ್ ಎಂಬ ಗೇಮನ್ನು ಶಾಲೆಗಳ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿತು. ಯುದ್ಧದಲ್ಲಿ ಸಿಕ್ಕಿಬಿದ್ದ ಸಾಮಾನ್ಯ ಜನರ ಕಥೆ ಅದು. ಅಲ್ಲಿ ಗೇಮನ್ನೂ ಓದಬೇಕಾದ ಕೃತಿ ಅಂತ ಒಪ್ಪಿದರು, ನನಗೆ ಮುಖ್ಯ ಅನಿಸಿದ್ದು ಅದು.

ಪೋರ್ಷನ್ ಮುಗಿಯಲ್ಲ ಅನ್ನುವವರಿಗೆ, ವರ್ಷಕ್ಕೆ ಒಂದೇ ಪದ್ಯಕ್ಕೆ ಮಾಡಿ ನೋಡಿ. ಕಂಪ್ಯೂಟರ್ ಇಲ್ಲದಿದ್ದರೆ ಚೀಟಿಗಳು ಸಾಕು, ಒಂದು ಚೀಟಿಗೆ ಒಂದು ಸನ್ನಿವೇಶ, ಕೆಳಗೆ ಎರಡು ದಾರಿ. ಯಾರಾದರೂ ಮಾಡುವುದಾದರೆ ಕಾಮೆಂಟಿನಲ್ಲಿ ಹೇಳಿ, ಪಾಠದ ಯೋಜನೆ ಜೊತೆಗೆ ಕೂತು ಬರೆಯೋಣ.