ಮೈ ನಡುಗಿಸಿದರೆ ಸಾಕೇ?

'ಆಘಾತವೆಲ್ಲ ಸ್ನಾಯುಗಳಲ್ಲಿ ಕೂತಿರುತ್ತದೆ, ಮೈ ನಡುಗಿಸಿ ಹೊರಗೆ ಹಾಕಿ' ಅಂತ ಮಾನಸಿಕ ಆಘಾತದ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇಷ್ಟು ಸಲೀಸಾಗಿ ಹೇಳಿದರೆ ಜನ ಮನೆಯಲ್ಲೇ ಶುರು ಮಾಡಿಬಿಡುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲೆವೀನ್ ರೂಪಿಸಿದ, ಮೈಯಲ್ಲಾಗುವ ಅನುಭವ ಗಮನಿಸುವ ಥೆರಪಿಯಾದ ಸೊಮ್ಯಾಟಿಕ್ ಎಕ್ಸ್‌ಪೀರಿಯನ್ಸಿಂಗ್‌ನಲ್ಲಿ ನಡೆಯೋದು ಬಹುಪಾಲು ಇದಕ್ಕೆ ಉಲ್ಟಾ. ಎಲ್ಲ ನಿಧಾನ. ಎದೆ ಬಿಗಿಯುತ್ತಿದೆಯಾ? ಒಂದೆರಡು ಕ್ಷಣ ಅದನ್ನೇ ಗಮನಿಸಿ. ಆಮೇಲೆ ನೆಲಕ್ಕೆ ತಾಗಿರುವ ಪಾದಕ್ಕೋ, ಕುರ್ಚಿಗೆ ಒರಗಿದ ಬೆನ್ನಿಗೋ ಗಮನ ತನ್ನಿ. ಮತ್ತೆ ಎದೆಗೆ, ಮತ್ತೆ ಪಾದಕ್ಕೆ. ಹಳೆಯ ಘಟನೆಯನ್ನು ಪೂರ್ತಿ ಹೇಳಲೇಬೇಕು ಅಂತಿಲ್ಲ. ಉಸಿರು ಜೋರಾದರೆ, ಕೈ ತಣ್ಣಗಾದರೆ ಥೆರಪಿಸ್ಟ್ ಅಲ್ಲಿಗೇ ನಿಲ್ಲಿಸುತ್ತಾರೆ. ಒಬ್ಬರೇ ವಿಡಿಯೊ ನೋಡಿಕೊಂಡು ಮಾಡುವವರಿಗೆ ಇದನ್ನೆಲ್ಲ ನೋಡಿಕೊಳ್ಳೋರು ಯಾರು?

ಇನ್ನು ಪುರಾವೆ. ಇಸ್ರೇಲ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಇದ್ದ 63 ಜನರಿದ್ದರು. ಈ ಥೆರಪಿ ಪಡೆದವರಿಗೆ ಸರದಿಗಾಗಿ ಕಾಯುತ್ತಿದ್ದವರಿಗಿಂತ ಜಾಸ್ತಿ ಗುಣ ಕಂಡಿತು. ಒಳ್ಳೆಯದೇ. ಆದರೆ ಹೋಲಿಸಿದ್ದು ಇನ್ನೊಂದು ಥೆರಪಿಯ ಜೊತೆ ಅಲ್ಲ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ ಸೂಚಿಸಿದ್ದು ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ನೆರವಾಗುವ ಮಾತಿನ ಥೆರಪಿ) ಮತ್ತು ಇಎಂಡಿಆರ್ (ಕಣ್ಣು ಅತ್ತಿತ್ತ ಆಡಿಸುತ್ತಾ ಆಘಾತದ ನೆನಪನ್ನು ಎದುರಿಸುವ ಥೆರಪಿ). ಲೇಖನದಲ್ಲಿ ಇವೆರಡರ ಹೆಸರೇ ಇಲ್ಲ.

ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿಕೊಂಡವರೂ ಈಗೀಗ ಕಾಣುತ್ತಾರೆ. ಲೆವೀನ್ ಪದ್ಧತಿಯ ತರಬೇತಿಗೇ ಸುಮಾರು 3 ವರ್ಷ ಹಿಡಿಯುತ್ತದೆ. ಫೀಸು ಕಟ್ಟುವ ಮೊದಲು ಎಲ್ಲಿ ಕಲಿತಿರಿ ಅಂತ ಕೇಳೋದಕ್ಕೆ ಸಂಕೋಚ ಬೇಡ. ರಾತ್ರಿ ಹೊತ್ತು ತಡೆಯಲಾಗದಷ್ಟು ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ.