ಚೆನ್ನಾಗಿ ನುಡಿಯುತ್ತದೆ, ಅಲ್ಪಸ್ವಲ್ಪ ರಿಪೇರಿಯಾಗಿದೆ

ಹಳೆಯ ವಸ್ತುವನ್ನು ಮಾರುವವನು ನಿಜವನ್ನೇ ಹೇಳುತ್ತೇನೆಂದು ಹೊರಟರೆ ಅವನ ಒಂದೊಂದು ವಾಕ್ಯಕ್ಕೂ ಬೆಲೆ ಇಳಿಯುತ್ತಾ ಹೋಗುತ್ತದೆ. ಹಡಗಿನಲ್ಲಿ ಎಂಜಿನಿಯರಾಗಿದ್ದ ನಮ್ಮ ಸೋದರಮಾವ ಕೋಬೆ ಬಂದರಿನಿಂದ ತಂದಿದ್ದ ಟೀಸ್ಕೋ ಎಲೆಕ್ಟ್ರಿಕ್ ಗಿಟಾರನ್ನು ಮಾರುವ ಹೊಣೆ ನನ್ನ ತಲೆಗೆ ಬಂದಾಗ, ‘ಚೆನ್ನಾಗಿ ನುಡಿಯುತ್ತದೆ, ವಾಲ್ಯೂಮ್ ಕಂಟ್ರೋಲ್ ಹೊಸದು, ಒಂದು ಬಿರಡೆ ಬದಲಾಗಿದೆ, ಜ್ಯಾಕಿಗೆ ಮತ್ತೆ ಬೆಸುಗೆ ಹಾಕಿಸಿದೆ’ ಎಂದು ಜಾಹೀರಾತು ಬರೆದೆ. ಮೊದಲ ಎರಡು ಪದಗಳನ್ನು ಯಾರೂ ಓದಿದಂತೆ ಕಾಣಲಿಲ್ಲ.

1946ರಲ್ಲಿ ಟೋಕಿಯೋದಲ್ಲಿ ಆರಂಭವಾದ ಟೀಸ್ಕೋ 1967ರಲ್ಲಿ ಕವಾಯಿ ಕಂಪನಿಯ ಪಾಲಾಯಿತು. ಅದಕ್ಕೂ ಮೊದಲಿನ ಗಿಟಾರುಗಳಿಗೆ ಈಗ ‘ವಿಂಟೇಜ್’ ಎಂಬ ಬಿರುದು. ಈ ಬಿರುದು ಬಂದ ಮೇಲೆ ಲೋಕನ್ಯಾಯವೇ ತಲೆಕೆಳಗಾಗುತ್ತದೆ, ಏಕೆಂದರೆ ಕೆಲಸ ಮಾಡುವ ಹೊಸ ಬಿಡಿಭಾಗಕ್ಕಿಂತ ಕೆಟ್ಟು ಕೂತ ಮೂಲ ಬಿಡಿಭಾಗಕ್ಕೇ ಅಲ್ಲಿ ಹೆಚ್ಚು ಮರ್ಯಾದೆ. ಮೊದಲು ಬಂದ ಗಿರಾಕಿ ಗಿಟಾರನ್ನು ಮುಟ್ಟುವ ಮುನ್ನವೇ ‘ಹಳೇ ಕಂಟ್ರೋಲ್ ಎಲ್ಲಿ ಸಾರ್?’ ಎಂದು ಕೇಳಿದ. ಒಳಗೆ ಧೂಳು ಸೇರಿ, ತಿರುಗಿಸಿದಾಗಲೆಲ್ಲ ಅದು ಕರಕರ ಎನ್ನುತ್ತಿತ್ತು, ಆದ್ದರಿಂದ ಎಸ್.ಪಿ. ರಸ್ತೆಯಿಂದ 250 ಕಿಲೋ ಓಮ್‌ನದೊಂದನ್ನು ತಂದು ಹಾಕಿಸಿದೆ ಎಂದು ವಿವರಿಸಿದೆ. ಆತ ಸಾವಿನ ಮನೆಗೆ ಬಂದವನಂತೆ ತಲೆಯಾಡಿಸಿ, ಕಾಫಿಯನ್ನು ಮಾತ್ರ ಪೂರ್ತಿ ಕುಡಿದು ಹೋದ.

ಮತ್ತೊಬ್ಬ ಟಾರ್ಚ್ ಹಿಡಿದು ಪರೀಕ್ಷಿಸಿ, ಮೈಮೇಲಿನ ಕೆಂಪು ಕಲೆಯನ್ನು ಕಂಡು, ಮರ ಬಿರುಕು ಬಿಟ್ಟಿದ್ದನ್ನು ಬಣ್ಣ ಬಳಿದು ಮುಚ್ಚಿದ್ದೀರೆಂದು ಆರೋಪಿಸಿದ. ಅದು ಆಯುಧಪೂಜೆಯಂದು ನನ್ನ ತಾಯಿ ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಜೊತೆ ಗಿಟಾರಿಗೂ ಹಚ್ಚುತ್ತಾ ಬಂದ ಕುಂಕುಮವೆಂದರೆ ಅವನು ನಂಬಲಿಲ್ಲ. ಪಕ್ಕದ ಮನೆಯ ರಾಯರಿಗಂತೂ ಬೇರೆಯೇ ಚಿಂತೆ: ‘ಇದಕ್ಕೆ ಹೊಟ್ಟೆಯೇ ಇಲ್ಲವಲ್ಲಯ್ಯಾ, ನಾದ ಎಲ್ಲಿಂದ ಬರಬೇಕು?’ ತಂತಿಗಳ ಕೆಳಗಿನ ಪಿಕಪ್ಪೆಂಬ ಭಾಗದಲ್ಲಿ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿರುತ್ತದೆ, ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ವಿದ್ಯುತ್ತು ಹುಟ್ಟುತ್ತದೆ ಎಂದೆ. ‘ಹಾಗಾದರೆ ಶಾಕ್ ಹೊಡೆಯುತ್ತದೆ’ ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಕೊನೆಗೆ ಒಬ್ಬ ಕಾಲೇಜು ಹುಡುಗ ತಂದೆಯೊಡನೆ ಬಂದು, ಪ್ರಶ್ನೆಯನ್ನೇ ಕೇಳದೆ ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸತೊಡಗಿದ. ನನ್ನ ಜೀವ ತಂಪಾಗುವಷ್ಟರಲ್ಲಿ ಆಂಪ್ಲಿಫೈಯರು ಗುಂಯ್ ಎನ್ನತೊಡಗಿತು. ಒಂದೇ ಸುರುಳಿಯ ಪಿಕಪ್ಪು ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್ಗಾಟವನ್ನೂ ಹೀರಿಕೊಳ್ಳುತ್ತದೆ, ಕುಳಿತ ದಿಕ್ಕು ಬದಲಿಸಿದರೆ ಅದು ಕಡಿಮೆಯಾಗುತ್ತದೆ ಎಂದು ಹೇಳಿ ಹುಡುಗನ ಕುರ್ಚಿಯನ್ನು ಪೂರ್ವಕ್ಕೆ ತಿರುಗಿಸಿದೆ. ಸದ್ದು ಅಡಗಿತು. ಅಲ್ಲಿಯತನಕ ಬೆಲೆಯ ವಿಷಯದಲ್ಲಿ ಬಿಗಿಯಾಗಿದ್ದ ತಂದೆಯ ಮುಖ ಅರಳಿತು. ‘ನೋಡಿದೆಯೇನೋ, ವಾಸ್ತು ಅಂದರೆ ನಗುತ್ತಿದ್ದೆ’ ಎಂದು ಮಗನಿಗೆ ಹೇಳಿ, ಚೌಕಾಸಿಯನ್ನು ಅಲ್ಲಿಗೇ ಬಿಟ್ಟು ಹಣ ಎಣಿಸಿದರು. ವಿಜ್ಞಾನವನ್ನು ಇನ್ನೊಮ್ಮೆ ವಿವರಿಸುವ ಉತ್ಸಾಹ ನನಗೆ ಆ ಹೊತ್ತಿನಲ್ಲಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವರದೇ ಫೋನು. ಅವರ ಮನೆಯಲ್ಲಿ ಗಿಟಾರು ಈಶಾನ್ಯಕ್ಕೆ ಮುಖ ಮಾಡಿದರೆ ಮಾತ್ರ ಸುಮ್ಮನಿರುತ್ತದಂತೆ. ಅಲ್ಲಿದ್ದ ಫ್ರಿಜ್ಜನ್ನು ಎಲ್ಲಿಗೆ ಸರಿಸುವುದು ಶ್ರೇಯಸ್ಕರವೆಂದು ನನ್ನನ್ನು ಕೇಳುತ್ತಿದ್ದರು.